ಮನಿತಾನಾನ ಗಿಡ್ಡ ಅಂತೀರಿ, ನೀರು ನೋಡೀರೇನು?

ಹೋದ ವರ್ಷ ಹುನಗುಂದ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆಯ ರಜಿಸ್ಟರ್ ತಿರುವಿ ಹಾಕುತ್ತ ಕೂತಿದ್ದೆ. ಹೆಸರು, ಜನ್ಮದಿನಾಂಕ, ಎತ್ತರ, ತೂಕ, ಕಣ್ಣು, ಹಲ್ಲು, ಷರಾ. ಒಬ್ಬ ಹುಡುಗನ ಎತ್ತರ ನಾಲ್ಕನೇ ಇಯತ್ತೆಯಲ್ಲಿ 121 ಸೆಂಟಿಮೀಟರ್, ಐದನೇ ಇಯತ್ತೆಯಲ್ಲಿ 119. "ಇಂವ ಒಂದ್ ವರ್ಷದಾಗ ಎರಡ್ ಸೆಂಟಿಮೀಟರ್ ಕುಗ್ಗ್ಯಾನಲ್ರಿ ಸರ" ಅಂದೆ. ಮಾಸ್ತರು ಕನ್ನಡಕ ಏರಿಸಿ ನೋಡಿ ನಕ್ಕರು. "ಅವತ್ತ ಟೇಪ್ ಬ್ಯಾರೆ ಇತ್ರಿ. ಒಬ್ಬಾಂವ ಚಪ್ಪಲ ಬಿಚ್ಚಿರ್ತಾನ, ಒಬ್ಬಾಂವ ಬಿಚ್ಚಿರಂಗಿಲ್ಲ. ಅದನ್ನ ಭಾಳ ಹಿಡ್ಕೋಬ್ಯಾಡ್ರಿ."

ನಾನು ಹಿಡಿದುಕೊಂಡೆ. ಅದೇ ಪುಟದ 26 ಮಕ್ಕಳಲ್ಲಿ ಏಳು ಮಕ್ಕಳ ಜನ್ಮದಿನ ಜೂನ್ 1. ಅದು ಅವರು ಹುಟ್ಟಿದ ದಿನವಲ್ಲ, ಶಾಲೆಗೆ ಸೇರಿದ ಲೆಕ್ಕದ ದಿನ ಎಂಬುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಈಗ ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ, ಜನನ ಪ್ರಮಾಣಪತ್ರ ಕೈಗೆ ಬರುತ್ತದೆ. ಆದರೂ ದುಡಿಯಲು ಊರೂರು ತಿರುಗುವ ಮನೆಗಳ ಮಕ್ಕಳಿಗೆ ಜೂನ್ 1 ಇನ್ನೂ ತಪ್ಪಿಲ್ಲ. ವಯಸ್ಸು ಗೊತ್ತಿಲ್ಲ, ಎತ್ತರ ನಂಬುವಂತಿಲ್ಲ. ಹೀಗಿರುವಾಗ ಮಗು ಸರಿಯಾಗಿ ಬೆಳೆಯುತ್ತಿದೆಯೋ ಇಲ್ಲವೋ ಎಂದು ಹೇಳುವುದು ಯಾವ ಆಧಾರದ ಮೇಲೆ?

ಮಕ್ಕಳ ಹಾರ್ಮೋನು, ಬೆಳವಣಿಗೆ, ಎಲುಬಿನ ಕಾಯಿಲೆಗಳ ಬಗ್ಗೆ ಜಗತ್ತಿನಲ್ಲಿ ನಡೆಯುತ್ತಿರುವ ಸಂಶೋಧನೆಯ ಸುದ್ದಿ ಈಚೆಗೆ ನಮ್ಮ ಪತ್ರಿಕೆಗಳಲ್ಲೂ ಬರುತ್ತಿದೆ. ದಿನವೂ ಚುಚ್ಚಬೇಕಿದ್ದ ಬೆಳವಣಿಗೆ ಹಾರ್ಮೋನನ್ನು ವಾರಕ್ಕೊಮ್ಮೆ ಚುಚ್ಚಿದರೆ ಸಾಕು ಎನ್ನುವ ಔಷಧಿ, ಕುಬ್ಜತೆಯ ಒಂದು ಬಗೆಯಾದ ಅಕಾಂಡ್ರೊಪ್ಲೇಸಿಯಾಕ್ಕೆ 2021ರಲ್ಲಿ ಮಂಜೂರಾದ ಹೊಸ ಚುಚ್ಚುಮದ್ದು, ಹೀಗೆ. ದೊಡ್ಡ ಕೆಲಸಗಳೇ. ಆದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಹಳ್ಳಿಯ ಮಗುವಿನ ಕಾಲು ಡೊಂಕಾಗಲು, ಎತ್ತರ ನಿಲ್ಲಲು ಇರುವ ಕಾರಣಗಳಲ್ಲಿ ಬಹುಪಾಲಿಗೆ ಉತ್ತರ ಸಿಕ್ಕು ಮೂವತ್ತು, ನಲವತ್ತು, ಐವತ್ತು ವರ್ಷಗಳೇ ಆಗಿವೆ. ಉಳಿದಿರುವ ಪ್ರಶ್ನೆಗಳಿಗೂ ಅರ್ಧ ಉತ್ತರ ನಾನು ಕೈಯಲ್ಲಿ ಹಿಡಿದಿದ್ದ ಆ ರಜಿಸ್ಟರಿನಂಥ ಪುಸ್ತಕಗಳಲ್ಲೇ ಇದೆ, ಅದನ್ನು ನೆಟ್ಟಗೆ ಬರೆದರೆ.

ಬೆಳವಣಿಗೆ ಎಂದರೆ ಎತ್ತರವಲ್ಲ, ಎತ್ತರ ಏರುವ ವೇಗ. ಮುಧೋಳ, ಜಮಖಂಡಿಯ ರೈತ ಕಬ್ಬಿನ ಗಣಿಕೆಯ ಉದ್ದ ನೋಡಿ ಯಾವ ತಿಂಗಳಲ್ಲಿ ನೀರು ಕಡಿಮೆಯಾಗಿತ್ತು ಎಂದು ಹೇಳುತ್ತಾನೆ. ಕಬ್ಬು ಒಟ್ಟು ಎಷ್ಟು ಉದ್ದವಿದೆ ಎಂಬುದರಿಂದ ಅದು ಗೊತ್ತಾಗುವುದಿಲ್ಲ, ಗಣಿಕೆಯಿಂದ ಗೊತ್ತಾಗುತ್ತದೆ. ಮಗುವೂ ಹಾಗೆಯೇ. ಮೊದಲ ವರ್ಷ ಸುಮಾರು 25 ಸೆಂಟಿಮೀಟರ್ ಬೆಳೆಯುತ್ತದೆ, ಎರಡನೆಯ ವರ್ಷ ಸುಮಾರು 12, ಮೂರನೆಯದರಲ್ಲಿ ಎಂಟರ ಆಸುಪಾಸು. ಆಮೇಲೆ ಮೈನೆರೆಯುವವರೆಗೂ ವರ್ಷಕ್ಕೆ ಐದರಿಂದ ಆರು. ನಾಲ್ಕು ವರ್ಷ ದಾಟಿದ ಮಗು ವರ್ಷಕ್ಕೆ ನಾಲ್ಕು ಸೆಂಟಿಮೀಟರೂ ಏರದಿದ್ದರೆ, ಅದು ಸಾಲಿನಲ್ಲಿ ಎಲ್ಲಿ ನಿಂತಿದ್ದರೂ ಸರಿ, ಡಾಕ್ಟರು ನೋಡಲೇಬೇಕು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋತಿರಬಹುದು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಾರ್ಮೋನು ಕೊಡದಿರಬಹುದು, ಮೂತ್ರಪಿಂಡದ ತೊಂದರೆ ಇರಬಹುದು, ಹುಡುಗಿಯಾಗಿದ್ದರೆ ಟರ್ನರ್ ಸಿಂಡ್ರೋಮ್ ಇರಬಹುದು. ಸುಮಾರು 2,500 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಬರುವ ಈ ವರ್ಣತಂತು ದೋಷದಲ್ಲಿ ಎಷ್ಟೋ ಸಲ ಮೊದಲು ಕಣ್ಣಿಗೆ ಬೀಳುವ ಲಕ್ಷಣವೇ ಗಿಡ್ಡತನ. ಎರಡು ಅಳತೆ, ನಡುವೆ ಆರು ತಿಂಗಳೋ ಒಂದು ವರ್ಷವೋ ಅಂತರ, ಎರಡೂ ಸಲ ಅದೇ ಗೋಡೆ. ಇಷ್ಟಾದರೆ ಅನುಮಾನ ಹುಟ್ಟುತ್ತದೆ. ನಮ್ಮಲ್ಲಿ ಅದು ಹುಟ್ಟುವುದೇ ಇಲ್ಲ, ಏಕೆಂದರೆ ಅದಕ್ಕೂ ಮೊದಲೇ ಒಂದು ಸಮಾಧಾನ ಹುಟ್ಟಿಬಿಡುತ್ತದೆ.

"ನಮ್ಮ ಮನಿತಾನಾನ ಗಿಡ್ಡ್ರೀ."

ಈ ಮಾತನ್ನು ನಾನು ಕೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ಕೇಳಿಲ್ಲ. ಡಾಕ್ಟರೂ ಇದನ್ನೇ ಬೇರೆ ರೀತಿ ಕೇಳುತ್ತಾರೆ, ತಂದೆತಾಯಿಯ ಎತ್ತರ ಅಳೆಯುತ್ತಾರೆ. ಇಬ್ಬರದನ್ನೂ ಕೂಡಿಸಿ, ಗಂಡುಮಗುವಾದರೆ 13 ಸೆಂಟಿಮೀಟರ್ ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಿದರೆ ಮಗು ದೊಡ್ಡದಾದಾಗ ಸುಮಾರಾಗಿ ಎಷ್ಟು ಎತ್ತರ ಆಗಬೇಕೆಂಬ ಅಂದಾಜು ಸಿಗುತ್ತದೆ. ಮಗು ಆ ದಾರಿಯಲ್ಲೇ ಹೊರಟಿದ್ದರೆ ಚಿಂತೆ ಇಲ್ಲ. ಲೆಕ್ಕ ಸರಿಯಾದದ್ದೇ. ಆದರೆ ಅದರೊಳಗೆ ಒಂದು ನಂಬಿಕೆ ಕೂತಿದೆ: ತಂದೆತಾಯಿ ತಾವು ಬೆಳೆಯಬಹುದಾದಷ್ಟು ಬೆಳೆದಿದ್ದಾರೆ ಎಂದು. ಬರಗಾಲದಲ್ಲಿ ಅರೆಹೊಟ್ಟೆ ಉಂಡು, ಹದಿನೈದಕ್ಕೆ ಮದುವೆಯಾಗಿ, ಹದಿನಾರಕ್ಕೆ ಹಡೆದ ತಾಯಿಯ 145 ಸೆಂಟಿಮೀಟರ್ ಅವಳ ವಂಶದ ಎತ್ತರವೇ? ಅದು ಅವಳಿಗೆ ಸಿಗದೇ ಹೋದ ಊಟದ ಎತ್ತರವೂ ಆಗಿರಬಹುದಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡವನ್ನು ಇಲ್ಲಿ ನೆನೆಯಬೇಕು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಒಳ್ಳೆಯ ಪರಿಸ್ಥಿತಿಯಲ್ಲಿ ಬೆಳೆಯುತ್ತಿದ್ದ, ತಾಯಿಯ ಹಾಲು ಕುಡಿದ ಮಕ್ಕಳನ್ನು ಅಳೆದು ಅದನ್ನು ರೂಪಿಸಿದ್ದರು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಐದು ವರ್ಷದೊಳಗೆ ಈ ಆರೂ ಕಡೆಯ ಮಕ್ಕಳು ಹೆಚ್ಚುಕಡಿಮೆ ಒಂದೇ ರೀತಿ ಬೆಳೆದಿದ್ದರು. ಅಂದರೆ ಪುಟ್ಟ ವಯಸ್ಸಿನಲ್ಲಿ ನಾರ್ವೆಯ ಕೂಸಿಗೂ ನಮ್ಮ ಕೂಸಿಗೂ ವಂಶದಿಂದ ಬಂದ ಅಂತರ ದೊಡ್ಡದಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಇಷ್ಟೊಂದು ಮನೆತನಗಳು ಗಿಡ್ಡವಾಗಿರಲು ಸಾಧ್ಯವೇ ಇಲ್ಲ.

ಈ ಗುಂಪಿನಲ್ಲೇ ನಿಜವಾದ ರೋಗಿ ಮಗುವೂ ಅಡಗಿ ಕೂರುತ್ತದೆ. ಸುತ್ತಲೂ ಎಲ್ಲರೂ ಎತ್ತರದವರಿದ್ದರೆ ಒಬ್ಬ ಗಿಡ್ಡ ಕಣ್ಣಿಗೆ ಬೀಳುತ್ತಾನೆ. ತರಗತಿಯಲ್ಲಿ ಮೂರನೇ ಒಂದು ಪಾಲು ಕುಳ್ಳರೇ ಇದ್ದರೆ ಥೈರಾಯ್ಡ್ ಇಲ್ಲದ ಹುಡುಗಿ ಯಾರಿಗೆ ಕಾಣಬೇಕು?

ಥೈರಾಯ್ಡ್ ವಿಷಯವನ್ನೇ ಮೊದಲು ತೆಗೆದುಕೊಳ್ಳುವೆ. ಇದರಷ್ಟು ಅಗ್ಗವಾಗಿ ತಡೆಯಬಹುದಾದ, ತಡೆಯದಿದ್ದರೆ ಇದರಷ್ಟು ಕಸಿದುಕೊಳ್ಳುವ ಮಕ್ಕಳ ಹಾರ್ಮೋನು ತೊಂದರೆ ಇನ್ನೊಂದಿಲ್ಲ. ಕೆಲವು ಕೂಸುಗಳು ಥೈರಾಯ್ಡ್ ಗ್ರಂಥಿಯೇ ಇಲ್ಲದೆ, ಅಥವಾ ಇದ್ದರೂ ಕೆಲಸ ಮಾಡದೆ ಹುಟ್ಟುತ್ತವೆ. ಹುಟ್ಟಿದಾಗ ನೋಡಲು ಚೆನ್ನಾಗಿಯೇ ಇರುತ್ತವೆ, ಹೊಟ್ಟೆಯಲ್ಲಿದ್ದಾಗ ತಾಯಿಯ ಹಾರ್ಮೋನು ಸ್ವಲ್ಪ ಕಾಯ್ದಿರುತ್ತದೆ. "ಕೂಸು ಭಾಳ ಸಂಭಾವಿತ ಐತ್ರಿ, ಅಳೂದಾ ಇಲ್ಲ, ಬರೇ ಮಲಗತೈತಿ" ಎಂದು ಅಜ್ಜಿ ಖುಷಿ ಪಡುವ ಹೊತ್ತಿಗೆ ಮಿದುಳಿಗೆ ಪೆಟ್ಟು ಬೀಳುತ್ತಿರುತ್ತದೆ. ಮಲಬದ್ಧತೆ, ಹೊರಚಾಚಿದ ನಾಲಿಗೆ, ಹೊಕ್ಕಳ ಉಬ್ಬು, ತಿಂಗಳಾದರೂ ಇಳಿಯದ ಕಾಮಾಲೆ, ಇವು ಕಾಣಿಸಿಕೊಳ್ಳುವಷ್ಟರಲ್ಲಿ ಬಹಳ ತಡವಾಗಿರುತ್ತದೆ. ಮೊದಲ ಎರಡು ವಾರಗಳಲ್ಲೇ ಔಷಧಿ ಶುರುವಾದರೆ ಮಗು ಎಲ್ಲರಂತೆ ಓದುತ್ತದೆ, ಬೆಳೆಯುತ್ತದೆ. ಕೆಲವು ತಿಂಗಳು ತಡವಾದರೆ ಎತ್ತರ ಮರಳಿ ಬಂದೀತು, ಬುದ್ಧಿ ಪೂರ್ತಿ ಬರುವುದಿಲ್ಲ.

ಪರೀಕ್ಷೆ ಹೀಗೆ. ಹುಟ್ಟಿದ ಎರಡು ಮೂರು ದಿನಕ್ಕೆ ಕೂಸಿನ ಹಿಮ್ಮಡಿಯನ್ನು ಬೆಚ್ಚಗೆ ಮಾಡಿ, ಅಂಚಿನ ಬದಿಗೆ ಸೂಜಿಮೊನೆ ತಾಗಿಸುತ್ತಾರೆ. ನಡುವೆ ಚುಚ್ಚಬಾರದು, ಅಲ್ಲಿ ಎಲುಬು ಹತ್ತಿರ. ಮೊದಲ ಹನಿ ಒರೆಸಿ, ಮುಂದಿನ ಹನಿಗಳನ್ನು ದಪ್ಪ ಕಾಗದದ ಮೇಲೆ ಮುದ್ರಿಸಿದ ವೃತ್ತಗಳಿಗೆ ಹೀರಿಸಿ, ನೆರಳಿನಲ್ಲಿ ಮೂರ್ನಾಲ್ಕು ತಾಸು ಒಣಗಿಸುತ್ತಾರೆ. ಆ ಕಾಗದವನ್ನು ಅಂಚೆಯಲ್ಲೂ ಕಳಿಸಬಹುದು. ಕೆನಡಾದ ಕ್ವಿಬೆಕ್ ಪ್ರಾಂತ್ಯ ಎಲ್ಲ ಶಿಶುಗಳಿಗೂ ಇದನ್ನು ಶುರು ಮಾಡಿದ್ದು 1970ರ ದಶಕದ ನಡುವೆ. ನಮ್ಮ ಪಕ್ಕದ ಕೇರಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ನಡೆಸುತ್ತ ಹತ್ತು ವರ್ಷಕ್ಕೂ ಹೆಚ್ಚಾಯಿತು. ಔಷಧಿ ಲೆವೋಥೈರಾಕ್ಸಿನ್ ಗುಳಿಗೆ. ಎರಡು ಚಮಚದ ನಡುವೆ ಒತ್ತಿ ಪುಡಿ ಮಾಡಿ, ಚೂರು ಎದೆಹಾಲಿನಲ್ಲಿ ಕಲಸಿ ನಾಲಿಗೆಗೆ ಹಚ್ಚುವುದು. ದಿನಕ್ಕೆ ಒಂದೆರಡು ರೂಪಾಯಿ. ಕಬ್ಬಿಣದ ಟಾನಿಕ್ಕು, ಕ್ಯಾಲ್ಸಿಯಂ ಔಷಧಿಯ ಜೊತೆಗೇ ಕೊಡಬಾರದು, ಕೊಟ್ಟರೆ ಗುಳಿಗೆ ಮೈಗೆ ಹತ್ತುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿ, ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ತಪಾಸಣೆ ಮಾಡಿಸಿತ್ತು. ಸುಮಾರು 1,100ಕ್ಕೆ ಒಂದು ಕೂಸಿಗೆ ಹುಟ್ಟು ಥೈರಾಯ್ಡ್ ಕೊರತೆ ಇತ್ತು. ಪಶ್ಚಿಮ ದೇಶಗಳಲ್ಲಿ ಹೇಳುವ ಎರಡರಿಂದ ನಾಲ್ಕು ಸಾವಿರಕ್ಕೆ ಒಂದು ಎಂಬುದಕ್ಕಿಂತ ಇದು ಬಹಳ ಹೆಚ್ಚು. ನಮ್ಮ ಮೂರು ಜಿಲ್ಲೆಗಳ ಜನಸಂಖ್ಯೆ 2011ರ ಗಣತಿಯಲ್ಲೇ ಒಟ್ಟು 88 ಲಕ್ಷ ದಾಟಿತ್ತು. ಸಾವಿರ ಜನಕ್ಕೆ ವರ್ಷಕ್ಕೆ 16 ಹೆರಿಗೆ ಎಂದು ಕೈಲೆಕ್ಕ ಹಾಕಿದರೂ 1,40,000 ಕೂಸುಗಳು. ಅಂದರೆ ವರ್ಷಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ಮಕ್ಕಳು ಈ ತೊಂದರೆ ಹೊತ್ತು ಹುಟ್ಟುತ್ತಿರಬಹುದು. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ಹಿಮ್ಮಡಿಯ ರಕ್ತ ತೆಗೆದರೋ ಇಲ್ಲವೋ, ಕೇಳಿ ನೋಡಿ. ತೆಗೆಯದಿದ್ದರೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ ಎಂದು ನೀವೇ ಹೇಳಬಹುದು.

ಅದೇ ಅಧ್ಯಯನದಲ್ಲಿ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ದೋಷವನ್ನೂ ನೋಡಿದ್ದರು. ಒಟ್ಟಾರೆ ಸುಮಾರು 5,700ಕ್ಕೆ ಒಂದು ಕೂಸಿಗೆ ಅದಿತ್ತು, ಚೆನ್ನೈನಲ್ಲಿ ಮಾತ್ರ ಸುಮಾರು ಎರಡು ಸಾವಿರಕ್ಕೇ ಒಂದು. ಇದು ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗಲೇ ತಲೆದೋರುವ ಕಾಯಿಲೆ, ಆದ್ದರಿಂದ ರಕ್ತಸಂಬಂಧದ ಮದುವೆಯತ್ತ ಬೆರಳು ಹೋಗುತ್ತದೆ. ಕರ್ನಾಟಕದಲ್ಲಿ ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದವೇ. "ಹೊಲಾ ಹೊರಗ ಹೋಗಬಾರ್ದು" ಎಂದು ಸೋದರಮಾವನಿಗೆ ಕೊಡುವ ಮನೆಗಳು ನನ್ನ ಬಳಗದಲ್ಲೂ ಇವೆ. ಇಲ್ಲಿ ನಿಜಕ್ಕೂ ಮನೆತನದ ಮಾತು ಬರುತ್ತದೆ, ಆದರೆ ಇಲ್ಲಿ ಯಾರೂ ಆಡುವುದಿಲ್ಲ. ಈ ಕಾಯಿಲೆಯ ತೀವ್ರ ರೂಪದಲ್ಲಿ, ಚಿಕಿತ್ಸೆ ಸಿಗದಿದ್ದರೆ, ಕೂಸು ಎರಡು ಮೂರು ವಾರದೊಳಗೆ ವಾಂತಿ, ನಿತ್ರಾಣವಾಗಿ ತೀರಿಕೊಳ್ಳುತ್ತದೆ. ಹೆಣ್ಣುಕೂಸಾಗಿದ್ದರೆ ಜನನಾಂಗದ ಬೆಳವಣಿಗೆ ನೋಡಿ ಅನುಮಾನ ಬರುತ್ತದೆ, ಗಂಡಾಗಿದ್ದರೆ ಅದೂ ಇಲ್ಲ. ಒಂದೇ ಮನೆಯಲ್ಲಿ ಎರಡು ಮೂರು ಗಂಡುಕೂಸುಗಳು ತೊಟ್ಟಿಲಲ್ಲೇ ಹೋಗಿದ್ದರೆ ದೃಷ್ಟಿ ಆಯಿತು ಅನ್ನುವ ಮುಂಚೆ ಇದನ್ನು ಯೋಚಿಸಬೇಕು.

ಇನ್ನು ಎಲುಬು.

ಡೊಂಕು ಕಾಲೆಂದರೆ ಎಲ್ಲವೂ ರೋಗವಲ್ಲ, ಇದನ್ನು ಮೊದಲು ಹೇಳಿಬಿಡಬೇಕು. ಎರಡು ವರ್ಷದವರೆಗೆ ಕೂಸಿನ ಕಾಲು ಬಿಲ್ಲಿನಂತೆ ಹೊರಗೆ ಬಾಗಿರುವುದು ಸಹಜ, ಮೂರು ನಾಲ್ಕರಲ್ಲಿ ಮೊಣಕಾಲು ಒಂದಕ್ಕೊಂದು ತಾಗುವುದೂ ಸಹಜ. ಏಳು ವರ್ಷದ ಹೊತ್ತಿಗೆ ನೆಟ್ಟಗಾಗುತ್ತದೆ. ಆಗದಿದ್ದರೆ, ಒಂದೇ ಕಾಲು ಬಾಗಿದ್ದರೆ, ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಮಣಿಕಟ್ಟು ಉಬ್ಬಿದ್ದರೆ, ಮಗು ನಡೆಯಲು ತಡ ಮಾಡಿದರೆ ಅದು ರಿಕೆಟ್ಸ್ ಇರಬಹುದು. ಎಲುಬಿನ ತುದಿಯಲ್ಲಿ ಬೆಳೆಯುವ ಮೆತ್ತನೆ ಪದರಕ್ಕೆ ಸುಣ್ಣ, ರಂಜಕ ತುಂಬಿ ಗಟ್ಟಿಯಾಗಬೇಕು. ಆಗದಿದ್ದರೆ ಗಿಲಾಯಿ ಒಣಗುವ ಮುಂಚೆ ಮೇಲೆ ಇನ್ನೊಂದು ವರಸೆ ಕಟ್ಟಿದ ಗೋಡೆಯ ಗತಿ, ಭಾರ ಬಿದ್ದ ಕಡೆ ಬಾಗುತ್ತದೆ.

ರಿಕೆಟ್ಸ್ ಎಂದೊಡನೆ ಎಲ್ಲರೂ ವಿಟಮಿನ್ ಡಿ ಅನ್ನುತ್ತಾರೆ. ವಿಜಯಪುರದ ಬಿಸಿಲಿನಲ್ಲಿ ವಿಟಮಿನ್ ಡಿ ಕೊರತೆಯೇ ಎಂದು ನಗಬೇಡಿ. ಬಾಣಂತಿ ಮತ್ತು ಕೂಸನ್ನು ತಿಂಗಳುಗಟ್ಟಲೆ ಕತ್ತಲ ಕೋಣೆಯಲ್ಲಿ ಕೂಡಿಹಾಕುವುದು ನಮ್ಮ ಪದ್ಧತಿ. ತಾಯಿಯ ಮೈಯಲ್ಲೇ ಇಲ್ಲದ್ದು ಹಾಲಿನಲ್ಲಿ ಬರುವುದಿಲ್ಲ, ಇದ್ದರೂ ಎದೆಹಾಲಿನಲ್ಲಿ ಅದು ಬಲು ಕಡಿಮೆ. ಅದಕ್ಕೇ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಕೊಡಬೇಕೆಂಬ ಜಾಗತಿಕ ಸಲಹೆ ಇರುವುದು. ಹನಿ ಬೇರೆ, ಇಂಜೆಕ್ಷನ್ ಬೇರೆ. ಕಾಲು ನೋವು ಎಂದು ಹೋದ ಮಕ್ಕಳಿಗೆ ಆರು ಲಕ್ಷ ಯೂನಿಟ್ಟಿನ ಚುಚ್ಚುಮದ್ದನ್ನು ಮೇಲಿಂದ ಮೇಲೆ ಹಾಕಿ, ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿ, ಮೂತ್ರಪಿಂಡಕ್ಕೆ ಏಟು ಬಿದ್ದ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ.

ಆದರೆ ನಮ್ಮ ಭಾಗದ ಮಟ್ಟಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಕ್ಯಾಲ್ಸಿಯಂನದು. 1999ರಲ್ಲಿ ನೈಜೀರಿಯಾದಿಂದ ಬಂದ ಒಂದು ಅಧ್ಯಯನ ಇದರ ದಿಕ್ಕನ್ನೇ ತಿರುಗಿಸಿತು. ಅಲ್ಲಿನ ರಿಕೆಟ್ಸ್ ಮಕ್ಕಳಲ್ಲಿ ಕೆಲವರಿಗೆ ವಿಟಮಿನ್ ಡಿ, ಕೆಲವರಿಗೆ ಕ್ಯಾಲ್ಸಿಯಂ, ಕೆಲವರಿಗೆ ಎರಡನ್ನೂ ಕೊಟ್ಟರು. ಬರೀ ವಿಟಮಿನ್ ಡಿ ಪಡೆದವರಿಗಿಂತ ಕ್ಯಾಲ್ಸಿಯಂ ಪಡೆದವರು ಚೆನ್ನಾಗಿ ಚೇತರಿಸಿಕೊಂಡರು. ಬಿಸಿಲಿಗೆ ಬರವಿಲ್ಲ, ಹಾಲಿಲ್ಲ, ಊಟವೆಲ್ಲ ಕಾಳುಕಡ್ಡಿಯದು. ಇದು ನೈಜೀರಿಯಾದ ವರ್ಣನೆಯೋ, ಸಿಂದಗಿ, ಮುದ್ದೇಬಿಹಾಳದ ವರ್ಣನೆಯೋ?

ನಮ್ಮ ತಟ್ಟೆಯನ್ನೇ ಅಳೆಯೋಣ. 100 ಗ್ರಾಂ ಜೋಳದಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 28 ಮಿಲಿಗ್ರಾಂ. ಅದೇ ತೂಕದ ರಾಗಿಯಲ್ಲಿ 360 ದಾಟುತ್ತದೆ. ದಕ್ಷಿಣದವರ ಮುದ್ದೆಯನ್ನು ನಾವು ಚೇಷ್ಟೆ ಮಾಡುತ್ತೇವೆ, ಎಲುಬಿನ ವಿಷಯದಲ್ಲಿ ಅವರೇ ಗೆದ್ದಿದ್ದಾರೆ. ಎಂಟು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 650 ಮಿಲಿಗ್ರಾಂ. 200 ಗ್ರಾಂ ಹಿಟ್ಟಿನ ರೊಟ್ಟಿ ಉಂಡರೂ 60ಕ್ಕೆ ಮುಟ್ಟುವುದಿಲ್ಲ, ಅದರಲ್ಲೂ ಒಂದಷ್ಟನ್ನು ಜೋಳದಲ್ಲಿರುವ ಫೈಟೇಟ್ ಎಂಬ ವಸ್ತು ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಎಮ್ಮೆ ಇದೆ, ಆದರೆ ಬೆಳಗಾದರೆ ಹಾಲು ಡೇರಿಗೆ ಹೋಗುತ್ತದೆ, ಉಳಿದದ್ದು ಚಹಾಕ್ಕೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಸುಮಾರು 170–180 ಮಿಲಿಗ್ರಾಂ ಕ್ಯಾಲ್ಸಿಯಂ ತರುತ್ತದೆ. ಬಡ ಮನೆಯ ಮಗುವಿನ ಅಂದಿನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಪಾಲು ಆಗಿರಬಹುದು. ಶಾಲೆ ಮುಚ್ಚುವ ಏಪ್ರಿಲ್, ಮೇ ತಿಂಗಳಲ್ಲಿ ಅದೂ ಇಲ್ಲ. ಸಂಕ್ರಾಂತಿಯ ಸಜ್ಜಿ ರೊಟ್ಟಿಯ ಮೇಲೆ ಹಚ್ಚುವ ಎಳ್ಳಿನಲ್ಲಿ 100 ಗ್ರಾಮಿಗೆ ಸಾವಿರ ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ನುಗ್ಗೆಸೊಪ್ಪಿನಲ್ಲಿ 300ಕ್ಕೂ ಹೆಚ್ಚು. ಒಂದು ವರ್ಷಕ್ಕೊಮ್ಮೆ, ಇನ್ನೊಂದು ದನದ ಬಾಯಿಗೆ.

ಇದರ ಮೇಲೆ ನೀರು. ಇಳಕಲ್ಲಿನ ಕೆಂಪು ಗ್ರಾನೈಟ್ ಜಗತ್ತೆಲ್ಲ ಹೋಗಿದೆ. ಗ್ರಾನೈಟಿನಂಥ ಬಂಡೆಗಳ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಹಳೆಯ ನೀರು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಹಳ್ಳಿಗಳ ನೀರು ಇದನ್ನು ಮೀರಿದ್ದು ಹಳೆಯ ಸುದ್ದಿ. ನಮ್ಮ ದೊಡ್ಡಪ್ಪ ಐವತ್ತಕ್ಕೇ ಬಗ್ಗಿ ನಡೆಯುತ್ತಿದ್ದ. ಮೈಮುರಿದು ದುಡಿದದ್ದಕ್ಕೆ ಹಾಗಾಯಿತು ಎಂದು ಮನೆಯವರೆಲ್ಲ ನಂಬಿದ್ದೆವು. ಅದೇ ಓಣಿಯಲ್ಲಿ ದುಡಿಯದೆ ಕೂತು ಉಂಡವರೂ ಬಗ್ಗಿದ್ದರು ಎಂಬುದನ್ನು ಯಾರೂ ಗಮನಿಸಿರಲಿಲ್ಲ.

ಫ್ಲೋರೈಡ್ ಹೆಚ್ಚಾಗಿ ಹಲ್ಲು, ಎಲುಬು ಕೆಡುವ ಫ್ಲೋರೋಸಿಸ್ ಭಾರತದಲ್ಲಿ ಮೊದಲು ವರದಿಯಾಗಿದ್ದು 1937ರಲ್ಲಿ, ನೆಲ್ಲೂರು ಕಡೆಯಿಂದ. ಆದರೆ ಮಕ್ಕಳ ವಿಷಯದಲ್ಲಿ ನಮಗೆ ಹತ್ತಿರವಾದದ್ದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಕೆಲಸ. 1973ರಲ್ಲಿ ಅಲ್ಲಿನ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಎಂಬ ವಿಜ್ಞಾನಿಗಳು ಫ್ಲೋರೈಡ್ ನೀರಿನ ಹಳ್ಳಿಗಳಲ್ಲಿ ಮೊಣಕಾಲು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಹದಿಹರೆಯದವರನ್ನು ಕಂಡು ಬರೆದರು. ಅದುವರೆಗೆ ಫ್ಲೋರೈಡ್ ಎಲುಬನ್ನು ಕಲ್ಲಿನಂತೆ ಗಟ್ಟಿ ಮಾಡುತ್ತದೆ ಎಂದಷ್ಟೇ ಗೊತ್ತಿತ್ತು, ಇಲ್ಲಿ ಎಲುಬು ಟೊಳ್ಳೂ ಆಗಿತ್ತು. ಕೆಲವು ವರ್ಷಗಳ ನಂತರ ಅದೇ ಸಂಸ್ಥೆಯಲ್ಲಿ ಅನ್ನ ಉಣ್ಣುವವರನ್ನೂ ಜೋಳ ಉಣ್ಣುವವರನ್ನೂ ಹೋಲಿಸಿ ನೋಡಿದಾಗ, ಜೋಳ ಉಣ್ಣುವವರ ಮೈಯಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ ಎಂದು ಕಂಡಿತು. ಉತ್ತರ ಭಾರತದಲ್ಲಿ ಹತ್ತಾರು ವರ್ಷ ನಡೆದ ಇನ್ನೊಂದು ಕೆಲಸದಲ್ಲಿ, ಒಂದೇ ಬಗೆಯ ನೀರು ಕುಡಿದರೂ ಕ್ಯಾಲ್ಸಿಯಂ ಸಾಕಷ್ಟು ಸಿಗುತ್ತಿದ್ದ ಮಕ್ಕಳಿಗೆ ತೊಂದರೆ ಕಡಿಮೆ, ಸಿಗದ ಮಕ್ಕಳಲ್ಲಿ ಬಹುತೇಕರಿಗೆ ತೊಂದರೆ ಎಂದು ತೋರಿತು. ಕ್ಯಾಲ್ಸಿಯಂ ಕಡಿಮೆಯಾದಾಗ ಕುತ್ತಿಗೆಯಲ್ಲೇ ಇರುವ ಪ್ಯಾರಾಥೈರಾಯ್ಡ್ ಎಂಬ ಇನ್ನೊಂದು ಗ್ರಂಥಿ ಕೆರಳಿ, ರಕ್ತಕ್ಕೆ ಬೇಕಾದ ಸುಣ್ಣವನ್ನು ಎಲುಬಿನಿಂದಲೇ ಕಿತ್ತು ಕೊಡುತ್ತದೆ. ಫ್ಲೋರೈಡ್ ಆ ಕಿತ್ತಾಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ನೀರಿನ ಕಾಯಿಲೆ ಎಂದುಕೊಂಡದ್ದು ಹೀಗೆ ಹಾರ್ಮೋನಿನ ಕಾಯಿಲೆಯೂ ಆಗುತ್ತದೆ.

ಜೋಳ, ಕಡಿಮೆ ಕ್ಯಾಲ್ಸಿಯಂ, ಫ್ಲೋರೈಡ್ ಮೂರೂ ಒಂದೇ ಮನೆಯಲ್ಲಿ ಕೂಡುವ ಊರುಗಳು ನಮ್ಮವು. ನಮ್ಮ ಎತ್ತರಕ್ಕೂ ಈ ಕೂಟಕ್ಕೂ ಏನು ನಂಟು ಎಂದು ಕೇಳಬೇಕಾದವರೂ ನಾವೇ.

ಹಳ್ಳಿಗೊಂದು ಶುದ್ಧ ನೀರಿನ ಘಟಕ ಬಂದಿದೆಯಲ್ಲ ಎಂದು ನೀವು ಹೇಳಬಹುದು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ಒಂದು ಮನೆಯಲ್ಲಿ ಅದರ ಕ್ಯಾನು ದೇವರ ಜಗಲಿಯ ಪಕ್ಕ ಇತ್ತು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಆ ತಾಯಿ ಕುದಿಯುವ ನೀರನ್ನು ಜೋಳದ ಹಿಟ್ಟಿಗೆ ಸುರಿದು, ಕೈ ಸುಡದಂತೆ ಕಟ್ಟಿಗೆಯಿಂದ ಕಲಸಿ, ಆಮೇಲೆ ಅಂಗೈಯಿಂದ ನಾದತೊಡಗಿದರು. "ಇದೂ ಕ್ಯಾನಿನ ನೀರೇನ್ರಿ ಅವ್ವಾರ?" ಅಂತ ಕೇಳಿದೆ. "ಇಲ್ರಿ, ಅದು ಕುಡ್ಯಾಕ ಅಷ್ಟ. ಅಡಗಿಗೆ ನಳದ್ದು. ಹೆಂಗೂ ಕುದಸ್ತೀವಲ್ಲ." ಕುದಿಸಿದರೆ ಹುಳ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ರೊಟ್ಟಿ, ಬ್ಯಾಳಿ, ಪಲ್ಯ, ಚಹಾ ಎಲ್ಲ ನಳದ ನೀರಿನಲ್ಲೇ. ಅತ್ತ ಆ ಘಟಕದ ಯಂತ್ರ ಫ್ಲೋರೈಡ್ ಜೊತೆಗೆ ನೀರಿನ ಕ್ಯಾಲ್ಸಿಯಂ ಅನ್ನೂ ತೆಗೆದುಹಾಕುತ್ತದೆ, ಇದನ್ನು ಘಟಕದ ಉದ್ಘಾಟನೆಯ ದಿನ ಯಾರೂ ಹೇಳುವುದಿಲ್ಲ.

ಈಗ ರಜಿಸ್ಟರಿಗೆ ಮರಳಿ. ಎತ್ತರದ ಕಾಲಂ ಇತ್ತು, ಹಲ್ಲಿನ ಕಾಲಂ ಇತ್ತು. ಹಾಲುಹಲ್ಲು ಬಿದ್ದು ಬರುವ ಹೊಸ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಪಟ್ಟೆ ಇದ್ದರೆ, ಆ ಮಗು ಮೊದಲ ಏಳೆಂಟು ವರ್ಷಗಳಲ್ಲಿ ಫ್ಲೋರೈಡ್ ಉಂಡಿದೆ ಎಂಬುದಕ್ಕೆ ಬಹುಮಟ್ಟಿಗೆ ಅದು ಅಳಿಸದ ಸಾಕ್ಷಿ. ಹಲ್ಲು ಪಟ್ಟೆಯಾದ ಮಕ್ಕಳು ಪಟ್ಟೆಯಿಲ್ಲದ ಮಕ್ಕಳಿಗಿಂತ ಗಿಡ್ಡರೇ, ಅವರ ಮೊಣಕಾಲು ಹೇಗಿದೆ, ಅವರ ಓಣಿಯ ಬೋರ್‌ವೆಲ್ ಯಾವುದು? ಎರಡು ಕಾಲಂ ಪಕ್ಕಪಕ್ಕ ಇಟ್ಟು ಎಣಿಸಿದರೆ ಆಯಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ, ಅಂಗನವಾಡಿಗೆ ಹೋಗುತ್ತವೆ, ಅವು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲೇ ರಿಕೆಟ್ಸ್, ಗಳಗಂಡ, ಹುಟ್ಟು ಥೈರಾಯ್ಡ್ ಕೊರತೆ ಇವೆ. ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, ಸರ್ಕಾರಿ ಬಿಮ್ಸ್, ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇವೆ. ಪ್ರತಿ ವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತಿರುತ್ತಾರೆ. ಕೊರತೆ ಇರುವುದು ನಂಬುವಂಥ ಅಳತೆಗೆ.

ನಮ್ಮಲ್ಲಿ ದೊಡ್ಡ ಸಂಶೋಧನೆ ಆಗುವುದಿಲ್ಲ ಎನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. ಗರ್ಭ ಧರಿಸುವ ಮೂರು ತಿಂಗಳ ಮುಂಚೆಯೇ ಹೆಣ್ಣುಮಕ್ಕಳಿಗೆ ಪೌಷ್ಟಿಕ ಪೂರಕ ಕೊಟ್ಟರೆ ಹುಟ್ಟುವ ಕೂಸಿನ ಉದ್ದ ಹೆಚ್ಚುತ್ತದೆಯೇ ಎಂದು ನಾಲ್ಕು ದೇಶಗಳಲ್ಲಿ ನಡೆದ ಪ್ರಯೋಗದಲ್ಲಿ ಗ್ವಾಟೆಮಾಲಾ, ಪಾಕಿಸ್ತಾನ, ಕಾಂಗೊ ಜೊತೆಗೆ ಭಾರತದ ತಾಣವಾಗಿದ್ದದ್ದು ಬೆಳಗಾವಿ. ಫಲಿತಾಂಶ 2019ರಲ್ಲಿ ಬಂತು. ಪೂರಕ ಪಡೆದವರ ಕೂಸುಗಳು ಪಡೆಯದವರ ಕೂಸುಗಳಿಗಿಂತ ಉದ್ದವಿದ್ದವು, ಅಂತರ ಮಿಲಿಮೀಟರುಗಳಲ್ಲಿ. ಸಣ್ಣದೆನಿಸಬಹುದು. ಆದರೆ ಮಗುವಿನ ಎತ್ತರ ಅದು ಹುಟ್ಟುವ ಮುಂಚೆಯೇ ತಾಯಿಯ ತಟ್ಟೆಯಲ್ಲಿ ಶುರುವಾಗುತ್ತದೆ ಎಂದು ನಮ್ಮದೇ ಹಳ್ಳಿಗಳ ಹೆಣ್ಣುಮಕ್ಕಳನ್ನು ಅಳೆದು ತೋರಿಸಿದ ಕೆಲಸ ಅದು.

ಹಾಗಾದರೆ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್? ಪಿಟ್ಯುಟರಿ ನಿಜವಾಗಿಯೂ ಸೋತ ಮಗುವಿಗೆ ಅದು ವರ. ಮೊದಲು ಸತ್ತವರ ಪಿಟ್ಯುಟರಿ ಗ್ರಂಥಿಯಿಂದ ತೆಗೆದು ಕೊಡುತ್ತಿದ್ದರು. ಅದರಿಂದ ಕೆಲವರಿಗೆ ಮಿದುಳು ಕರಗುವ ಮಾರಕ ರೋಗ ತಗುಲಿದ್ದು 1985ರಲ್ಲಿ ಗೊತ್ತಾಗಿ ಅದು ನಿಂತಿತು, ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಿಸಿದ ಹಾರ್ಮೋನಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂದಿಗೂ ಬಹುಪಾಲು ಮಕ್ಕಳಿಗೆ ದಿನವೂ ರಾತ್ರಿ ಚುಚ್ಚಬೇಕು, ವರ್ಷಗಟ್ಟಲೆ. ಫ್ರಿಜ್ಜಿನಲ್ಲಿಡಬೇಕು. ಫ್ರಿಜ್ಜಿಲ್ಲದ ಮನೆಯವರು ಮೆಡಿಕಲ್ ಅಂಗಡಿಯಲ್ಲೋ ನೆರೆಮನೆಯಲ್ಲೋ ಇಟ್ಟು, ಸಂಜೆ ಹೋಗಿ ತಂದು ಚುಚ್ಚುತ್ತಾರೆ. ಖರ್ಚು ತಿಂಗಳಿಗೆ ಸಾವಿರಗಳ ಲೆಕ್ಕದಲ್ಲಿ. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಲ್ಲಿ, ಖಚಿತವಾದ ಬೆಳವಣಿಗೆ ಹಾರ್ಮೋನು ಕೊರತೆಯೂ, ತಟ್ಟಿದರೆ ಮುರಿಯುವ ಎಲುಬಿನ ಕಾಯಿಲೆಯಾದ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಕೂಡ ಸೇರಿವೆ. ನೆರವಿಗೆ ಹೋಗಬೇಕಾದ ಕೇಂದ್ರ ಬೆಂಗಳೂರಿನಲ್ಲಿದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೋಗುವವರಲ್ಲಿ ಈ ಮನೆಗಳವರೂ ಇದ್ದಾರೆ.

ಎತ್ತರ ಹೆಚ್ಚಿಸುವ ಪುಡಿ, ಕ್ಯಾಪ್ಸೂಲುಗಳ ಬಗ್ಗೆ ಒಂದೇ ಮಾತು: ಎಲುಬಿನ ತುದಿಯ ಬೆಳೆಯುವ ಪದರ ಮುಚ್ಚಿದ ಮೇಲೆ ಯಾವುದೂ ಕೆಲಸ ಮಾಡುವುದಿಲ್ಲ, ಇಂಜೆಕ್ಷನ್ನೂ ಸಹ. ಪದರ ತೆರೆದಿದೆಯೋ ಇಲ್ಲವೋ ಎಂದು ಎಡಗೈಯ ಒಂದು ಎಕ್ಸ್‌ರೇ ಹೇಳುತ್ತದೆ. ಹುಡುಗಿಯರಲ್ಲಿ ಮುಟ್ಟು ಶುರುವಾದ ಮೇಲೆ ಇನ್ನು ಐದಾರು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಎಂಟು ವರ್ಷಕ್ಕೂ ಮುಂಚೆ ಎದೆ ಮೂಡಿದರೆ ತಜ್ಞರಿಗೆ ತೋರಿಸಬೇಕೆನ್ನುವುದು ಅದಕ್ಕೇ. ಕೊರೊನಾ ವರ್ಷಗಳಲ್ಲಿ ಇಂಥ ಪ್ರಕರಣಗಳು ಹೆಚ್ಚಿದವೆಂದು ಇಟಲಿಯಿಂದಲೂ ನಮ್ಮ ದೇಶದಿಂದಲೂ ವರದಿಗಳು ಬಂದವು, ಕಾರಣದ ಚರ್ಚೆ ಮುಗಿದಿಲ್ಲ. ಆದರೆ ಎಂಟು ವರ್ಷ ಎಂದು ಲೆಕ್ಕ ಹಾಕುವುದು ಜೂನ್ 1ರಿಂದಲೇ ಆದರೆ ಏನು ಹೇಳುವುದು?

ಈ ಜೂನಿನಲ್ಲಿ ಮತ್ತೆ ಆ ಶಾಲೆಗೆ ಹೋಗಿದ್ದೆ. ಮಾಸ್ತರು ಬಡಗಿಯಿಂದ ಒಂದು ಪಟ್ಟಿ ಮಾಡಿಸಿ, ಅಂಚುಪಟ್ಟಿ ಇಲ್ಲದ ಗೋಡೆ ಹುಡುಕಿ ಮೊಳೆ ಹೊಡೆಸಿದ್ದರು. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ, ಕುಂಡಿ, ಬೆನ್ನು ಗೋಡೆಗೆ ತಾಗಿಸಿ, ಕಣ್ಣು ನೇರ ಇರಿಸಿ, ತಲೆಯ ಮೇಲೆ ಮೂಲೆಮಟ್ಟ ಇಟ್ಟು ಆ ಹುಡುಗನನ್ನು ಮೂರು ಸಲ ಅಳೆದೆವು. ಮೂರೂ ಸಲ 124. ನಾಲ್ಕನೇ ಇಯತ್ತೆಯ 121 ನಿಜವಾಗಿದ್ದರೆ ಎರಡು ವರ್ಷದಲ್ಲಿ ಮೂರೇ ಸೆಂಟಿಮೀಟರ್ ಬೆಳೆದಿದ್ದಾನೆ, ಇವತ್ತೇ ಬಾಗಲಕೋಟೆಗೆ ಕರೆದೊಯ್ಯಬೇಕು. ಐದನೆಯದರ 119 ನಿಜವಾಗಿದ್ದರೆ ಒಂದು ವರ್ಷದಲ್ಲಿ ಐದು, ವೇಗ ಸರಿಯಾಗೇ ಇದೆ. ಯಾವ ಟೇಪು ಸುಳ್ಳು ಹೇಳಿತ್ತೆಂದು ಹೇಳಲು ಇಬ್ಬರಿಗೂ ಆಗಲಿಲ್ಲ. "ಹಲ್ಲ ತೋರ್ಸಪಾ" ಅಂದೆ. ನಕ್ಕ. ಮುಂದಿನ ಎರಡು ಹಲ್ಲಿನ ಮೇಲೂ ಕಂದು ಪಟ್ಟೆ ಇತ್ತು. ಟಿಎಸ್‌ಎಚ್ ಮತ್ತು ಮಣಿಕಟ್ಟಿನ ಎಕ್ಸ್‌ರೇಗೆ ಚೀಟಿ ಬರೆಸಿದ್ದೇವೆ, ಓಣಿಯ ಬೋರ್‌ವೆಲ್ ನೀರು ಒಂದು ಬಾಟ್ಲಿಯಲ್ಲಿ ತಪಾಸಣೆಗೆ ಹೋಗಿದೆ. ಮಾಸ್ತರು ಪಟ್ಟಿಯ ಪಕ್ಕ ಗೋಡೆಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದರು. ಮುಂದಿನ ಅಳತೆ ಡಿಸೆಂಬರಿನಲ್ಲಿ.